ಕಾಗದದಲ್ಲಿ ಪಾಸ್ ಆದ ಶಬ್ದ: ಬ್ರಿಟನ್ನಿನ ಏಜಾಕ್ಸ್ ಕವಚವಾಹನದ ಗಲಾಟೆ ಸೈನ್ಯಕ್ಕೆ ಮೊದಲೇ ಕೇಳಿಸಲಿಲ್ವಾ?

ಬೈಕಂಪಾಡಿ_ಕ್ಯೂಸಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬೈಕಂಪಾಡಿಯಲ್ಲಿ ರಬ್ಬರ್ ಮೌಂಟಿಂಗ್, ಬುಷ್ ಮಾಡುವ ಸಣ್ಣ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ನೋಡಿಕೊಳ್ಳುವವನು. ಇತ್ತೀಚೆಗೆ ನಮಗೊಂದು ಎನ್‌ಕ್ವೈರಿ ಬಂದಿದೆ. ಯಾವುದೋ ಭಾರೀ ಗಾಡಿಯ ಸೀಟಿನ ಅಡಿಗೆ ಹಾಕುವ ಮೌಂಟಿಂಗ್ ಬೇಕಂತೆ. ಪಾರ್ಟಿಯವರು ಕಂಪನ ಎಷ್ಟು ಕಡಿಮೆ ಆಗುತ್ತದೆ ಅಂತ ಲೆಕ್ಕ ಹಾಕಿ ಶೀಟ್ ಕೊಡಿ ಅಂದಿದ್ದಾರೆ. ಗಾಡಿಯಲ್ಲಿ ಕೂರಿಸಿ ಟೆಸ್ಟ್ ಮಾಡೋಣ ಅಂದೆ. ಅದು ಆಮೇಲೆ ನೋಡುವಾ, ಮೊದಲು ಶೀಟ್ ಕಳಿಸಿ ಅನ್ನುತ್ತಾರೆ. ನಮ್ಮ ಧಣಿಗಳಿಗೂ ಆರ್ಡರ್ ಬಿಡಲು ಮನಸ್ಸಿಲ್ಲ.

ಇದೇ ಹೊತ್ತಿಗೆ ಬ್ರಿಟನ್ನಿನ ಏಜಾಕ್ಸ್ ಕಥೆ ಓದಿದೆ. 2014ರಲ್ಲಿ ಜನರಲ್ ಡೈನಮಿಕ್ಸ್ ಯುಕೆ ಕಂಪನಿಗೆ ಆರ್ಡರ್. 589 ಗಾಡಿ, 5.5 ಬಿಲಿಯನ್ ಪೌಂಡಿನ ಯೋಜನೆ. ಟ್ರಯಲ್‌ಗೆ ಕೂತ ಸೈನಿಕರಿಗೆ ಕಿವಿಯಲ್ಲಿ ಗುಂಯ್ ಅನ್ನುವುದು, ಕೈ ಜೋಮು ಹಿಡಿಯುವುದು, ಗಂಟು ನೋವು. ಕೊನೆಗೆ ಟ್ರಯಲ್ಲೇ ನಿಲ್ಲಿಸಿದರು. ನನಗೆ ಅರ್ಥ ಆಗದ್ದು ಒಂದೇ. ಅಷ್ಟು ದೊಡ್ಡ ಸೈನ್ಯ, ಅಷ್ಟು ಎಂಜಿನಿಯರುಗಳು. ಒಂದು ಡೆಸಿಬೆಲ್ ಮೀಟರ್ ಹಿಡಿದು ಒಳಗೆ ಕೂರಲು ಯಾರಿಗೂ ಆಗಲಿಲ್ವಾ? ಸೈನ್ಯದಲ್ಲಿ ಇದ್ದವರು ಯಾರಾದರೂ ಹೇಳಿ.

ಇನ್ನೊಂದು ಸ್ವಂತದ ವಿಷಯ. ನಮ್ಮ ಭಾವ ಸೈನ್ಯದ ಮೆಕನೈಸ್ಡ್ ಇನ್‌ಫೆಂಟ್ರಿಯಲ್ಲಿ, ಅಂದರೆ ಕವಚವಾಹನದಲ್ಲಿ ಹೋಗುವ ಕಾಲಾಳು ಪಡೆಯಲ್ಲಿದ್ದಾರೆ. ರಜೆಗೆ ಬಂದಾಗ ಟಿವಿ ವಾಲ್ಯೂಮ್ ಜಾಸ್ತಿ ಇಡುತ್ತಾರೆ. ಅಕ್ಕ ಬೈದರೆ ನಗುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧ ಉಂಟಾ?

ಸುರತ್ಕಲ್_ಫೈನಲ್_ಇಯರ್:

ಇದರಲ್ಲಿ ಕೇಳುವುದು ಎಂತ ಉಂಟು? ಕಮಿಷನ್ ಹೊಡೆದಿರುತ್ತಾರೆ. ಎಲ್ಲ ಕಡೆಯೂ ಅದೇ.

ಕಾರ್ಕಳ_ಮಾಜಿ_ಸುಬೇದಾರ್:

ಮೇಲಿನ ತಮ್ಮನಿಗೆ ಮೊದಲು ಹೇಳುತ್ತೇನೆ. ಕಮಿಷನ್ ಅನ್ನುವುದು ಸುಲಭದ ಉತ್ತರ. ಅಷ್ಟು ಹೇಳಿದರೆ ಮುಂದೆ ಯಾರೂ ಯೋಚಿಸುವುದಿಲ್ಲ. ಈ ಕೇಸಿನಲ್ಲಿ ನಡೆದದ್ದು ಅದಕ್ಕಿಂತ ಸಾದಾ ವಿಷಯ. ಹಾಗಾಗಿಯೇ ನಮ್ಮಲ್ಲೂ ಆಗಬಹುದು.

ನಾನು ಇಎಂಇಯಲ್ಲಿ, ಅಂದರೆ ಸೈನ್ಯದ ಗಾಡಿ, ಯಂತ್ರ ರಿಪೇರಿ ಮಾಡುವ ದಳದಲ್ಲಿ ಇದ್ದವನು. ಚಕ್ರದ ಸುತ್ತ ಉಕ್ಕಿನ ಪಟ್ಟಿ ತಿರುಗುವ ಟ್ರ್ಯಾಕ್ ಗಾಡಿಗಳ ಮೆಕ್ಯಾನಿಕ್. ಸರ್ವೀಸಿನ ಹೆಚ್ಚು ಭಾಗ ರಷ್ಯನ್ ವಿನ್ಯಾಸದ ಕವಚವಾಹನ ಬಿಎಂಪಿ-2 ಜೊತೆಗೆ ಕಳೆಯಿತು. ಮೇದಕ್‌ನಲ್ಲಿ ಮಾಡಿದ್ದು, ನಾವು ಸಾರಥ್ ಅನ್ನುತ್ತೇವೆ. ಹದಿನಾಲ್ಕು ಟನ್ ಚಿಲ್ಲರೆ ತೂಕ, 300 ಹಾರ್ಸ್‌ಪವರ್ ಎಂಜಿನ್. ಹಿಂದೆ ಕೂರುವ ಜವಾನರು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಾರೆ, ನಡುವೆ ಡೀಸೆಲ್ ಟ್ಯಾಂಕ್. ಹ್ಯಾಚ್ ಮುಚ್ಚಿ ಓಡಿಸಿದರೆ ಚೆಂಡೆಯ ಒಳಗೆ ಕೂತ ಹಾಗೆ. ಅದೂ ಏರು ಪದದ ಚೆಂಡೆ.

ಶಬ್ದಕ್ಕಿಂತ ನನಗೆ ನೆನಪಿರುವುದು ಕೈ. ರಾಜಸ್ಥಾನದ ಮಹಾಜನ್ ರೇಂಜಿನಲ್ಲಿ ಗಾಡಿ ಓಡಿಸಿ ನೋಡಿ ಇಳಿದ ಮೇಲೆ ಬೆರಳಿಗೆ ಸ್ಪರ್ಶವೇ ಇರುತ್ತಿರಲಿಲ್ಲ. ನಟ್ಟನ್ನು ಬೋಲ್ಟಿಗೆ ಹಿಡಿದರೆ ಎಳೆ ಸಿಗುವುದಿಲ್ಲ. ತಿರುಗಿಸುತ್ತೀರಿ, ಅಡ್ಡ ಕೂರುತ್ತದೆ, ತೆಗೆದು ಮತ್ತೆ ಹಿಡಿಯುತ್ತೀರಿ. ಹೊಸ ಹುಡುಗರು ಬೆರಳನ್ನು ಬಾಯಿಗಿಟ್ಟು ಊದಿಕೊಳ್ಳುತ್ತಿದ್ದರು. ಸ್ವಲ್ಪ ಹೊತ್ತಿಗೆ ಸರಿ ಆಗುತ್ತದೆ. ಹಾಗಾಗಿ ಯಾರೂ ಎಂಐ ರೂಮಿಗೆ, ಅಂದರೆ ಯೂನಿಟ್ಟಿನ ಡಾಕ್ಟರ ಹತ್ತಿರ, ಹೋಗುವುದಿಲ್ಲ. ಕೈ ಜೋಮು ಅಂತ ಸಿಕ್ ರಿಪೋರ್ಟ್ ಮಾಡಿದರೆ ಪ್ಲಟೂನ್ ಪೂರ್ತಿ ನಗುತ್ತದೆ.

ಈಗ ಏಜಾಕ್ಸ್‌ಗೆ ಬರುತ್ತೇನೆ. ಮೀಟರ್ ಹಿಡಿಯಲಿಲ್ವಾ ಅಂತ ಕೇಳಿದಿರಿ. ಮೀಟರ್ ಬದಲು ಲೆಕ್ಕದ ಕಾಗದ ಹಿಡಿದರು ಮಾರಾಯ್ರೇ! ಕಥೆ ಇರುವುದೇ ಅಲ್ಲಿ. 2021ರ ಡಿಸೆಂಬರಿನಲ್ಲಿ ಅವರ ರಕ್ಷಣಾ ಸಚಿವಾಲಯದ ಸುರಕ್ಷತೆಯ ಮುಖ್ಯಸ್ಥ ಡೇವಿಡ್ ಕಿಂಗ್ ಅನ್ನುವವರ ವರದಿ ಹೊರಗೆ ಬಂತು. ಅದರ ಪ್ರಕಾರ, ಗಾಡಿಗೆ ಸುರಕ್ಷತೆಯ ಕಾಗದ ಕೊಡುವಾಗ ನೋಡಿದ್ದು ಕಂಪನಿ ಲೆಕ್ಕ ಹಾಕಿ ಕೊಟ್ಟ ಶಬ್ದದ ಮಟ್ಟವನ್ನು. ಗಾಡಿಯ ಒಳಗೆ ಅಳೆದದ್ದನ್ನಲ್ಲ. ಅವರದೇ ರಕ್ಷಣಾ ವಿಜ್ಞಾನ ಪ್ರಯೋಗಾಲಯದವರು, ಕವಚವಾಹನಗಳ ಟ್ರಯಲ್ ನಡೆಸುವ ಘಟಕದವರು, ಇಬ್ಬರೂ ಈ ಲೆಕ್ಕ ನಂಬಬೇಡಿ ಅಂದಿದ್ದರು. ಆದರೂ ಸರ್ಟಿಫಿಕೇಟ್ ಹೋಯಿತು. 2018ರ ಡಿಸೆಂಬರಿನಲ್ಲೇ ಕಂಪನದ ಬಗ್ಗೆ ಸೈನ್ಯದ ಒಂದು ಸುರಕ್ಷತಾ ನೋಟಿಸ್ ಇತ್ತು. ಮುಂದೆ ವಿನ್ಯಾಸ ಬದಲಾಗಬೇಕು ಅಂತಲೂ ಅದರಲ್ಲಿ ಹೇಳಿತ್ತು. ಟ್ರಯಲ್ ಮೊದಲ ಸಲ ನಿಂತದ್ದು 2020ರ ನವೆಂಬರಿನಲ್ಲಿ. ನಡುವೆ ಹೆಚ್ಚುಕಡಿಮೆ ಎರಡು ವರ್ಷ ಹುಡುಗರು ಒಳಗೆ ಕೂತೇ ಇದ್ದರು.

ಆ ವರದಿಯಲ್ಲಿ ಇನ್ನೊಂದು ಮಾತು ಉಂಟು, ನನಗೆ ಓದಿ ನಗುವೂ ಬಂತು, ಸಿಟ್ಟೂ ಬಂತು. ಕಂಪನದಿಂದ ಜನಕ್ಕೆ ಹಾನಿ ಆಗುತ್ತಿದೆ ಅಂತ ಸೈನ್ಯಕ್ಕೆ ಅನಿಸಲೇ ಇಲ್ಲವಂತೆ. ಸೈನಿಕ ಅಂದ ಮೇಲೆ ಇಷ್ಟೆಲ್ಲ ಸಹಿಸಿಕೊಳ್ಳಬೇಕು ಅಂತ ಒಳಗೊಳಗೇ ಎಲ್ಲರೂ ಅಂದುಕೊಂಡಿದ್ದರು. ಬ್ರಿಟನ್ ಆದರೇನು, ನಮ್ಮ ಸೈನ್ಯದ ಬಬಿನಾ ಕ್ಯಾಂಟೋನ್ಮೆಂಟ್ ಆದರೇನು? ಆ ವಾಕ್ಯ ನಮ್ಮ ಯೂನಿಟ್ ಲೈನಿನಲ್ಲಿ ಕೂತು ಬರೆದ ಹಾಗಿದೆ.

ಒಟ್ಟು 310 ಜನ ಆ ಶಬ್ದ, ಕಂಪನಕ್ಕೆ ಸಿಕ್ಕಿದ್ದರು ಅಂತ ಗುರುತಿಸಿದರು. ವರದಿ ಬರುವ ಹೊತ್ತಿಗೆ 17 ಜನ ಇನ್ನೂ ತಜ್ಞ ವೈದ್ಯರ ಹತ್ತಿರ ಓಡಾಡುತ್ತಿದ್ದರು. 11 ಜನರಿಗೆ ಇನ್ನು ಜಾಸ್ತಿ ಶಬ್ದದ ಹತ್ತಿರ ಹೋಗಬಾರದು ಅಂತ ಬರೆದುಕೊಟ್ಟರು. ಅದರಲ್ಲಿ ಏಳು ಜನರಿಗೆ ಮೊದಲೇ ಕಿವಿಯ ತೊಂದರೆ ಇತ್ತಂತೆ. ಅದೂ ಸರಿಯೇ. ಮೊದಲೇ ಪೆಟ್ಟಾದ ಕಿವಿಯನ್ನು ಪರೀಕ್ಷೆ ಮಾಡದೆ ಒಳಗೆ ಕೂರಿಸಿದ್ದು ಯಾರು ಅಂತ ಕೇಳಬೇಕು, ಅಷ್ಟೆ.

ಬೈಕಂಪಾಡಿ_ಕ್ಯೂಸಿ:

ಸುಬೇದಾರ್ ಸರ್, ಬಹಳ ಉಪಕಾರ. ನಮ್ಮ ಪಾರ್ಟಿಯವರು ಕೇಳುವುದೂ ಹೀಗೇ ಲೆಕ್ಕದ ಶೀಟ್ ಅಲ್ವಾ? ಅದಕ್ಕೇ ಹೆದರಿಕೆ. ಆದರೆ ಲೆಕ್ಕ ಇಷ್ಟು ತಪ್ಪುವುದು ಹೇಗೆ? ನಾವೂ ಸಾಫ್ಟ್‌ವೇರ್‌ನಲ್ಲಿ ಮಾಡುತ್ತೇವೆ, ಪರ್ವಾಗಿಲ್ಲ ಅನ್ನುವ ಹಾಗೆ ಬರುತ್ತದೆ.

ಮಣಿಪಾಲ_ವೈಬ್ರೇಷನ್:

ಕಂಪನ ಅಳೆಯುವುದೇ ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ನನ್ನದು.

ಟ್ರ್ಯಾಕ್ ಗಾಡಿಯಲ್ಲಿ ಎಂಜಿನ್‌ಗಿಂತ ಜಾಸ್ತಿ ತೊಂದರೆ ಕೊಡುವುದು ಟ್ರ್ಯಾಕೇ. ಒಂದೊಂದು ಕೊಂಡಿಯೂ ಟ್ರ್ಯಾಕನ್ನು ಎಳೆಯುವ ಸ್ಪ್ರಾಕೆಟ್ ಚಕ್ರದ ಹಲ್ಲಿಗೆ ಬಂದು ಹೊಡೆಯುತ್ತದೆ, ಮತ್ತೊಂದು ತುದಿಯಲ್ಲಿ ಸುಮ್ಮನೆ ತಿರುಗುವ ಐಡ್ಲರ್ ಚಕ್ರಕ್ಕೆ ಹೊಡೆಯುತ್ತದೆ. ಕೊಂಡಿ 15 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಸುಮಾರು 55 ಪೆಟ್ಟು. ವೇಗ ಎರಡರಷ್ಟು ಆದರೆ 110. ಆ ಪೆಟ್ಟಿನ ಲಯ ಹಲ್‌ನ, ಅಂದರೆ ಗಾಡಿಯ ಉಕ್ಕಿನ ಮೈಯ, ಯಾವುದೋ ಪ್ಲೇಟಿನ ಸ್ವಂತ ಲಯಕ್ಕೆ ಸರಿಯಾಗಿ ಕೂತರೆ ಆ ಪ್ಲೇಟ್ ಹಾಡಲು ಶುರು ಮಾಡುತ್ತದೆ. ಒಂದು ವೇಗದಲ್ಲಿ ತಡೆಯಲು ಆಗದ್ದು ಸ್ವಲ್ಪ ಜಾಸ್ತಿ ಒತ್ತಿದರೆ ಕಡಿಮೆ ಆಗುವುದು ಅದಕ್ಕೇ. ಕಂಪ್ಯೂಟರಿನಲ್ಲಿ ವೆಲ್ಡಿಂಗ್ ಎಲ್ಲ ಒಂದೇ ಸಮ, ಬೋಲ್ಟ್ ಎಲ್ಲ ಒಂದೇ ಬಿಗಿ. ನಿಜವಾದ ಗಾಡಿಯಲ್ಲಿ ಹಾಗೆಲ್ಲಿ? ಒಂದೇ ಬ್ಯಾಚಿನ ಎರಡು ಗಾಡಿ ಎರಡು ಥರ ಇರುತ್ತವೆ.

ಶಬ್ದದ ಲೆಕ್ಕ ಜನರಿಗೆ ಮೋಸ ಮಾಡುತ್ತದೆ, ಯಾಕೆಂದರೆ 3 ಡೆಸಿಬೆಲ್ ಅಂದರೆ ಸಣ್ಣದು ಅನಿಸುತ್ತದೆ. ಬ್ರಿಟನ್ನಿನ 2005ರ ನಿಯಮದಲ್ಲಿ 85 ಡೆಸಿಬೆಲ್‌ಗೆ ಎಂಟು ಗಂಟೆ ಅಂತ ಹಿಡಿದರೆ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 100ಕ್ಕೆ ಬರೀ ಕಾಲು ಗಂಟೆ. ಈಗ ಗಾಡಿ ಒಳಗೆ 112 ಇದೆ ಅಂದುಕೊಳ್ಳಿ. ಹೆಡ್‌ಸೆಟ್ 25 ಕಳೆಯುತ್ತದೆ ಅಂತ ಕಾಗದದಲ್ಲಿ ಬರೆದಿದೆ. ಕಿವಿಗೆ 87, ಅಂದರೆ ಐದು ಗಂಟೆ ಕೂರಬಹುದು. ಅದೇ ಹೆಡ್‌ಸೆಟ್ ಕನ್ನಡಕದ ಕಾಲಿನಿಂದ ಸ್ವಲ್ಪ ಎದ್ದು 6 ಡೆಸಿಬೆಲ್ ಒಳಗೆ ಬಿಟ್ಟರೆ? ಒಂದೂಕಾಲು ಗಂಟೆ. ಕಾಗದದಲ್ಲಿ ಏನೂ ಬದಲಾಗಿಲ್ಲ, ಕಿವಿಯಲ್ಲಿ ಮುಕ್ಕಾಲು ಪಾಲು ಸಮಯ ಹೋಯಿತು.

ಏಜಾಕ್ಸ್‌ನಲ್ಲಿ ಹೆಡ್‌ಸೆಟ್ಟೇ ಒಂದು ಆರೋಪಿ. ಟ್ರ್ಯಾಕಿನ, ಎಂಜಿನ್ನಿನ ಶಬ್ದ ಸಾಲದು ಅಂತ ಹೆಡ್‌ಸೆಟ್ಟಿನ ಮೂಲಕವೂ ಶಬ್ದ ಕಿವಿಗೆ ಬರುತ್ತಿತ್ತು. ಒಂದು ಹಂತದಲ್ಲಿ ಅವರು ಹಾಕಿದ ಮಿತಿ ಗೊತ್ತಲ್ಲ? ಗಂಟೆಗೆ 20 ಮೈಲಿಗಿಂತ ವೇಗ ಬೇಡ, ಒಳಗೆ 105 ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ, 20 ಸೆಂಟಿಮೀಟರಿಗಿಂತ ಎತ್ತರದ ಅಡ್ಡಿಯ ಮೇಲೆ ರಿವರ್ಸ್ ಹತ್ತಿಸಬೇಡಿ. ಶಬ್ದ ಒಂದನ್ನೇ ಲೆಕ್ಕಕ್ಕೆ ಹಿಡಿದರೆ 105 ನಿಮಿಷ ಅಂದರೆ ಕಿವಿಯ ಹತ್ತಿರ 91ರಿಂದ 92 ಡೆಸಿಬೆಲ್. ಶತ್ರುವಿನ ಗಡಿ ದಾಟಿ ಹೋಗಿ ನೋಡಿ ಬರಬೇಕಾದ ಗಾಡಿ ಅದು!

ಕಂಪನಕ್ಕೆ ಬೇರೆ ಮಾಪು. ಸೀಟಿನಿಂದ ಇಡೀ ಮೈಗೆ ಬರುವುದಕ್ಕೆ ದಿನದ ಎಚ್ಚರಿಕೆ ಮಟ್ಟ 0.5, ಮಿತಿ 1.15 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್. ಕೈಗೆ ಬರುವುದಕ್ಕೆ 2.5 ಮತ್ತು 5. ಸೀಟಿನಲ್ಲಿ 2 ಬಂತು ಅಂದರೆ ಅರ್ಧ ಗಂಟೆಗೇ ಎಚ್ಚರಿಕೆ ಮಟ್ಟ ಮುಟ್ಟುತ್ತೀರಿ. ಬೆನ್ನುಮೂಳೆಗೆ ಕೆಟ್ಟದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅಲುಗಾಟ. ಈಗ ನಿಮ್ಮ ಮೌಂಟಿಂಗ್ ನೋಡಿ. ಮೆತ್ತಗಿನ ರಬ್ಬರ್ ಹಾಕಿ 55ರ ಪೆಟ್ಟನ್ನು ತಡೆದಿರಿ ಅಂತ ಇಟ್ಟುಕೊಳ್ಳೋಣ. ಅದರ ಸ್ವಂತ ಲಯ ಆರಕ್ಕೋ ಏಳಕ್ಕೋ ಬಂದು ಕೂತರೆ? ಕಿರುಕುಳ ಕಡಿಮೆ ಆಯಿತು ಅಂತ ಡ್ರೈವರ್ ಹೊಗಳುತ್ತಾನೆ, ಅವನ ಸೊಂಟ ಹೋಗುತ್ತದೆ. ಲೆಕ್ಕದ ಶೀಟಿನಲ್ಲಿ ಕೂರುವ ಮನುಷ್ಯನ ತೂಕ ಎಷ್ಟು ಹಾಕಿದ್ದೀರಿ? ಬರೀ ಮೈಯದ್ದೋ, ಜಾಕೆಟ್, ರೈಫಲ್ ಸೇರಿಸಿಯೋ? ಅದರ ಮೇಲೆ ಆ ಲಯ ಬದಲಾಗುತ್ತದೆ.

ಮಲ್ಪೆ_ಡೀಸೆಲ್:

ನಾನು ಓದಿದವನಲ್ಲ, ಬೋಟಿನ ಎಂಜಿನ್ ಬಿಚ್ಚಿ ಕಟ್ಟುವವನು. ಮೌಂಟಿಂಗ್ ವಿಷಯ ಅಂತ ಬರೆಯುತ್ತಿದ್ದೇನೆ.

ಜೂನ್, ಜುಲೈ ಮೀನುಗಾರಿಕೆ ಬಂದ್ ಇರುವಾಗ ಬೋಟ್ ಮೇಲೆ ಎಳೆದು ಎಂಜಿನ್ ಕೆಲಸ ಮಾಡುತ್ತೇವೆ. ಹೊಸ ರಬ್ಬರ್ ಹಾಕಿ ಕೊಟ್ಟರೆ ಆಗಸ್ಟಿನಲ್ಲಿ ಬೋಟ್ ನಡೆಸುವ ತಂಡೇಲರು ಭಾರೀ ಲಾಯಕ್ ಅನ್ನುತ್ತಾರೆ. ಡೀಸೆಲ್ ಬಿದ್ದು, ಉಪ್ಪು ನೀರು ಬಿದ್ದು, ಬಿಸಿಗೆ ಬೆಂದು ದೀಪಾವಳಿ ಹೊತ್ತಿಗೆ ಆ ರಬ್ಬರ್ ಕಲ್ಲು. ಆಮೇಲೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹಾಗಾಗಿ ನಿಮ್ಮ ಪಾರ್ಟಿಯವರಿಗೆ ಹೊಸ ರಬ್ಬರಿನ ಲೆಕ್ಕ ಕೊಟ್ಟು ಸುಮ್ನೆ ಆಗಬೇಡಿ. ಎಣ್ಣೆಯಲ್ಲಿ ಹಾಕಿಟ್ಟು ಎರಡು ತಿಂಗಳು ಬಿಟ್ಟು ನೋಡಿ.

ಕಿವಿ ವಿಷಯ ಕೇಳುವುದೇ ಬೇಡ. ನಮ್ಮಲ್ಲಿ ಎಂಜಿನ್ ರೂಮಿನ ಮೇಲೆಯೇ ಮಲಗುವವರು. ಹರಾಜು ಕೂಗುವಾಗ ಎಲ್ಲರೂ ಬೊಬ್ಬೆ ಹೊಡೆಯುವುದು ಯಾಕೆ ಅಂತ ಮಾಡಿದ್ದೀರಿ?

ಸುರತ್ಕಲ್_ಫೈನಲ್_ಇಯರ್:

ಸುಬೇದಾರ್ ಸರ್, ಕಮಿಷನ್ ಮಾತು ವಾಪಸ್. ಆದರೆ ತೊಂದರೆ ಗೊತ್ತಾದ ಮೇಲೆ ಕಾಂಟ್ರಾಕ್ಟ್ ಕ್ಯಾನ್ಸಲ್ ಮಾಡಬಹುದಿತ್ತಲ್ಲ? ನಮ್ಮಲ್ಲಿ ಹೀಗಾಗದ ಹಾಗೆ ನಿಯಮ ಉಂಟಾ?

ಕಾರ್ಕಳ_ಮಾಜಿ_ಸುಬೇದಾರ್:

ಕ್ಯಾನ್ಸಲ್ ಮಾಡುವುದು ಹೇಗೆ? ಅವರ ಲೆಕ್ಕಪರಿಶೋಧನೆಯ ಸಂಸ್ಥೆ 2022ರ ಮಾರ್ಚಿನಲ್ಲಿ ಹೇಳಿದ್ದನ್ನು ನೋಡಿ. 2021ರ ಡಿಸೆಂಬರ್ ಹೊತ್ತಿಗೆ 3.2 ಬಿಲಿಯನ್ ಪೌಂಡ್ ಕೊಟ್ಟಾಗಿತ್ತು. 324 ಹಲ್ ಕಟ್ಟಿ ಇಟ್ಟಿದ್ದರು. ಸೈನ್ಯದ ಕೈಗೆ ಬಂದದ್ದು 26 ಗಾಡಿ. ಗಾಡಿ ಸರಿ ಇದೆ ಅಂತ ಸಾಬೀತಾಗುವ ಮೊದಲೇ ಫ್ಯಾಕ್ಟರಿ ಲೈನ್ ಓಡುತ್ತಿತ್ತು. ಜೊತೆಗೆ ಆ ಫ್ಯಾಕ್ಟರಿ ಇರುವ ವೇಲ್ಸ್‌ನ ಮರ್ಥರ್ ಟಿಡ್‌ಫಿಲ್ ಊರಿನ ಜನರ ನೌಕರಿಯ ಪ್ರಶ್ನೆ. ಗಾಡಿಯ ಮೂಲ ಸ್ಪೇನ್ ಮತ್ತು ಆಸ್ಟ್ರಿಯಾದವರ ಆಸ್ಕಾಡ್ ಅನ್ನುವ ಹಳೇ ಕವಚವಾಹನ. ಇರುವ ಗಾಡಿಯನ್ನೇ ತಂದು ಸ್ವಲ್ಪ ಬದಲಾಯಿಸುವುದು ತಾನೇ ಅಂತ ಶುರು ಆದದ್ದು. ಬದಲಾಯಿಸಿ ಬದಲಾಯಿಸಿ 38 ಟನ್ ದಾಟಿಸಿದರು. ತೂಕ ಏರಿದ ಮೇಲೆ ಅದು ಹಳೇ ಗಾಡಿ ಹೇಗೆ ಆಗುತ್ತದೆ? ಆದರೆ ಕಾಗದದಲ್ಲಿ ಹಳೇ ಗಾಡಿಯ ಭರವಸೆ ಮುಂದುವರಿಯುತ್ತದೆ.

2020ರ ಡಿಸೆಂಬರಿನಿಂದ ಹಣ ಕೊಡುವುದು ನಿಲ್ಲಿಸಿದರು. 2023ರ ಮಾರ್ಚಿನಲ್ಲಿ ಮತ್ತೆ ಶುರು ಮಾಡಿದರು. ವಕೀಲ ಕ್ಲೈವ್ ಶೆಲ್ಡನ್ ಅವರಿಂದ ಇನ್ನೊಂದು ತನಿಖೆ ಆಯಿತು. ಸರಿಪಡಿಸಿದೆವು ಅಂದರು. 2025ರ ನವೆಂಬರ್ ಮೊದಲ ವಾರ ಗಾಡಿ ಸೇವೆಗೆ ಸಿದ್ಧ ಅಂತ ಘೋಷಿಸಿದರು. ಅದೇ ತಿಂಗಳು ಸಾಲ್ಸ್‌ಬರಿ ಬಯಲಿನ ಕವಾಯತಿನಲ್ಲಿ ಸುಮಾರು 30 ಸೈನಿಕರಿಗೆ ಮತ್ತೆ ಅದೇ ಶಬ್ದ, ಕಂಪನದ ತೊಂದರೆ. ಗಾಡಿ ಓಡಿಸುವುದು ಮತ್ತೆ ಬಂದ್ ಆಯಿತು. ಇನ್ನು ಏನು ಹೇಳುವುದು?

ನಮ್ಮಲ್ಲಿ ನಿಯಮ ಉಂಟು. ಮೊದಲು ಜಿಎಸ್‌ಕ್ಯೂಆರ್ ಅಂತ ಸೈನ್ಯ ತನಗೆ ಎಂತ ಬೇಕು ಅಂತ ಬರೆಯುತ್ತದೆ. ಹೊರಗಿನಿಂದ ಕೊಳ್ಳುವುದಾದರೆ ಕಂಪನಿ ತನ್ನ ಖರ್ಚಿನಲ್ಲಿ ಗಾಡಿ ತಂದು ಫೀಲ್ಡ್ ಟ್ರಯಲ್‌ಗೆ ಕೊಡಬೇಕು. ಮರುಭೂಮಿಯಲ್ಲಿ ಓಡಿಸಿ, ಎತ್ತರಕ್ಕೆ ಹತ್ತಿಸಿ ನೋಡುತ್ತಾರೆ. ಕೊಳ್ಳಲು ವರ್ಷಗಟ್ಟಲೆ ಹಿಡಿಯುತ್ತದೆ ಅಂತ ಎಲ್ಲರೂ ಬೈಯುತ್ತಾರೆ, ಆದರೆ ಹಣ ಕೊಡುವ ಮೊದಲು ಓಡಿಸುವುದರಲ್ಲಿ ಒಂದು ಒಳ್ಳೆಯದು ಉಂಟು. ನನ್ನ ತಕರಾರು ಬೇರೆ. ಟ್ರಯಲ್‌ನಲ್ಲಿ ಗುಂಡು ಎಷ್ಟು ನೆಟ್ಟಗೆ ಹೋಯಿತು, ಎಂಜಿನ್ ಬಿಸಿ ಆಯಿತಾ, ಟ್ರ್ಯಾಕ್ ಕಳಚಿತಾ, ಇದನ್ನೇ ಕೇಳುತ್ತಾರೆ. ಇಳಿದು ಬಂದವನ ಬೆರಳಿಗೆ ಸ್ಪರ್ಶ ಉಂಟಾ ಅಂತ ನನ್ನ ಹತ್ತಿರ ಯಾರೂ ಕೇಳಿದ್ದು ನೆನಪಿಲ್ಲ. ಬಿಎಂಪಿ ಬದಲಿಗೆ ಬರುವ ಹೊಸ ಗಾಡಿ ಯಾವಾಗ ಬರುತ್ತದೋ ಬರಲಿ. ಅದರ ಕಾಗದದಲ್ಲಿ ಡ್ರೈವರ್ ಸೀಟು, ಗನ್ನರ್ ಸೀಟು, ಹಿಂದಿನ ಕೊನೆಯ ಜವಾನನ ಸೀಟು, ಮೂರರಲ್ಲೂ ಅಳೆದು ಬರೆಯಬೇಕು. ಕಮಾಂಡರ್ ತಲೆ ಹೊರಗೆ ಹಾಕಿ ನಿಂತಿರುತ್ತಾನೆ, ಅವನ ಹತ್ತಿರ ಅಳೆದರೆ ಎಲ್ಲವೂ ಚೆಂದ ಬರುತ್ತದೆ.

ಹಳೇ ರಷ್ಯನ್ ವಿನ್ಯಾಸದಲ್ಲಿ ಒಂದು ಜಾಣತನ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಆ ದಪ್ಪ ಮೆತ್ತೆಯ ಹೆಲ್ಮೆಟ್ಟಿನಲ್ಲಿ ಮೈಕ್ ಬಾಯಿಯ ಮುಂದೆ ಇರುವುದಿಲ್ಲ. ಗಂಟಲಿಗೆ ಎರಡು ಬಿಲ್ಲೆ ಒತ್ತಿ ಕಟ್ಟುತ್ತಾರೆ. ಗಂಟಲಿನ ಅದುರುವಿಕೆ ಮಾತ್ರ ಹಿಡಿಯುತ್ತದೆ, ಎಂಜಿನ್ ಶಬ್ದ ಇಂಟರ್‌ಕಾಮ್‌ಗೆ ಅಷ್ಟಾಗಿ ನುಗ್ಗುವುದಿಲ್ಲ. ಬೇಸಿಗೆಯಲ್ಲಿ ಬೆವರಿ ಕತ್ತು ತುರಿಸಿ ಪ್ರಾಣ ಹೋಗುತ್ತದೆ, ಅದು ಬೇರೆ ಮಾತು.

ಬೈಕಂಪಾಡಿಯವರೇ, ನಿಮ್ಮ ಭಾವನ ವಿಷಯ. ದೂರದಿಂದ ನಾನು ಕಾರಣ ಹೇಳಲಾರೆ, ಆದರೆ ಸಂಬಂಧ ಇರಬಹುದು. ಟಿವಿ ವಾಲ್ಯೂಮ್‌ಗೆ ನಗಬೇಡಿ. ಸರ್ವೀಸಿನಲ್ಲಿ ಇರುವಾಗಲೇ ಮಿಲಿಟರಿ ಆಸ್ಪತ್ರೆಯ ಇಎನ್‌ಟಿಗೆ ಹೋಗಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ, ಮಾಡಿಸಲಿ, ಗ್ರಾಫಿನ ಕಾಪಿ ಮನೆಯಲ್ಲಿ ಇಡಲಿ. ಶಬ್ದದಿಂದ ಆದ ಪೆಟ್ಟು ಸಾಮಾನ್ಯವಾಗಿ 4000 ಹರ್ಟ್ಜ್ ಹತ್ತಿರ ಗುಂಡಿ ಬಿದ್ದ ಹಾಗೆ ಗ್ರಾಫಿನಲ್ಲಿ ಕಾಣುತ್ತದೆ. ಸೈನ್ಯ ಬಿಡುವಾಗ ಆಗುವ ರಿಲೀಸ್ ಮೆಡಿಕಲ್ ಬೋರ್ಡಿನಲ್ಲಿ ತೊಂದರೆ ಸರ್ವೀಸಿನಿಂದಲೇ ಬಂದದ್ದು, ಇಲ್ಲಾ ಸರ್ವೀಸಿನಿಂದ ಜಾಸ್ತಿ ಆದದ್ದು ಅಂತ ಬರೆಯಬೇಕು. ಎರಡೂ ಅಲ್ಲ ಅಂತ ಬರೆದರೆ ಪೆನ್ಶನ್‌ಗೆ ಅಲೆದಾಟ. ಊರಿಗೆ ಬಂದು ಹತ್ತು ವರ್ಷ ಆದ ಮೇಲೆ ಕಿವಿ ಕೇಳುವುದಿಲ್ಲ ಅಂದರೆ ಯಾರು ಒಪ್ಪುತ್ತಾರೆ? ನನ್ನ ಬ್ಯಾಚಿನವರೇ ಅಲೆಯುತ್ತಿದ್ದಾರೆ.

ನಿಮ್ಮ ಶೀಟಿಗೆ ಒಂದು ಸಲಹೆ. ಕೊಡಿ, ಕೊಡಬೇಡಿ ಅಂತ ನಾನು ಹೇಳುವುದಿಲ್ಲ, ಧಣಿಗಳ ವ್ಯವಹಾರ. ಆದರೆ ಪ್ರತಿ ಸಾಲಿನ ಎದುರಿಗೆ ಒಂದು ಕಾಲಂ ಹಾಕಿ. ಲೆಕ್ಕ ಹಾಕಿದ್ದು, ಅಳೆದದ್ದು, ಎರಡರಲ್ಲಿ ಯಾವುದು ಅಂತ ಬರೆಯಿರಿ. ಅಳೆದಿಲ್ಲ ಅಂದರೆ ಅಳೆದಿಲ್ಲ ಅಂತಲೇ ಬರೆದು ಸಹಿ ಮಾಡಿ. ಆ ಕಾಗದ ನಾಲ್ಕು ಆಫೀಸು ದಾಟುವಾಗ ನಿಮ್ಮ ಲೆಕ್ಕ ತಾನಾಗಿಯೇ ಅಳತೆ ಆಗಿಬಿಡುತ್ತದೆ. ಅದನ್ನು ತಡೆಯುವುದು ಆ ಕಾಲಂ ಒಂದೇ.

ಮಣಿಪಾಲ_ವೈಬ್ರೇಷನ್:

ಸುಬೇದಾರರ ಕಾಲಂಗೆ ನನ್ನದೂ ಒಂದು ಓಟು. ಮೌಂಟಿಂಗ್ ಸ್ಯಾಂಪಲ್ ಇದ್ದರೆ ಶೇಕರ್ ಅನ್ನುವ ಅಲುಗಾಡಿಸುವ ಯಂತ್ರದ ಮೇಲೆ ಕೂರಿಸಿ ಮೂರು ತೂಕದಲ್ಲಿ ನೋಡಬಹುದು. ಮಲ್ಪೆಯವರು ಹೇಳಿದ ಹಾಗೆ ಎಣ್ಣೆಯಲ್ಲಿ ನೆನೆಸಿದ್ದನ್ನೂ ತನ್ನಿ. ಗಾಡಿಯಲ್ಲಿ ಅಳೆದದ್ದಕ್ಕೆ ಇದು ಸಮ ಅಲ್ಲ, ಆದರೆ ಬರೀ ಸಾಫ್ಟ್‌ವೇರಿಗಿಂತ ಮೇಲು.

ಬೈಕಂಪಾಡಿ_ಕ್ಯೂಸಿ:

ಎಲ್ಲರಿಗೂ ಥ್ಯಾಂಕ್ಸ್. ಕಾಲಂ ಹಾಕಿ ಧಣಿಗಳಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ಇಷ್ಟು ಸಾಲಿಗೂ ಅಳೆದಿಲ್ಲ ಅಂತಲೇ ಬರೆದರೆ ಆರ್ಡರ್ ಯಾರು ಕೊಡುತ್ತಾರೆ ಅಂದರು. ಸ್ವಲ್ಪ ಹೊತ್ತು ಬಿಟ್ಟು ಅವರೇ ಕರೆದು ಶೇಕರ್ ಟೆಸ್ಟಿಗೆ ಎಷ್ಟು ಖರ್ಚು ಅಂತ ಕೇಳಿದರು. ಮಣಿಪಾಲದವರೇ, ಮೆಸೇಜ್ ಮಾಡಿದ್ದೇನೆ, ರೇಟ್ ಹೇಳಿ. ಎಂಟು ಪೀಸ್ ಎಂಜಿನ್ ಆಯಿಲ್‌ನಲ್ಲಿ ಮುಳುಗಿಸಿ ಇಟ್ಟಾಗಿದೆ. ಭಾವನಿಗೂ ಈ ಲಿಂಕ್ ಕಳಿಸಿದೆ. ಅವರ ಉತ್ತರ: "ಆಡಿಯೋಮೆಟ್ರಿ ಮಾಡಿಸುತ್ತೇನೆ, ಮೊದಲು ನಿನ್ನ ಅಕ್ಕನಿಗೆ ಮೆಲ್ಲ ಮಾತಾಡಲು ಹೇಳು."